ಕಾಲು ಪಾಲು

ನನ್ನ ಟೇಪಿನ ಮೊದಲ ಅಂಗೈಯಗಲ ಅಳಿಸಿ ಹೋಗಿದೆ.
ಹತ್ತರ ಗೆರೆಯಿಂದ ಹಿಡಿದು ಅಳೆದು
ಕೊನೆಗೆ ಹತ್ತು ಕಳೆಯುತ್ತೇನೆ.
ಹದಿನೇಳು ವರ್ಷದ ರೂಢಿ.
ಸೀತಾಂಗೋಳಿಯಿಂದಾಚೆ ಪಾರೆಯ ಮೇಲಿನ ಒಂದೊಂದು ಮನೆಯೂ
ಹೀಗೆ ಕಳೆದು ಉಳಿದದ್ದೇ ನನ್ನ ಪುಸ್ತಕದಲ್ಲಿ.

ಅರುವತ್ತು ಚದರ ಮೀಟರಿನೊಳಗೆ ತೆರಿಗೆ ಇಲ್ಲ ಎಂದಿದ್ದಾಗ
ವಾರಿಜಳ ಮನೆ ಐವತ್ತೊಂಬತ್ತು ಚಿಲ್ಲರೆ.
ಆಮೇಲೆ ಅತ್ತೆಗೆ ಒಂದು ಪಕ್ಕ ಬಿದ್ದುಹೋಯಿತು.
ರಾತ್ರಿ ಹೊತ್ತುಕೊಂಡು ಹೊರಗೆ ಹೋಗಲಾಗದೆ
ಹಿಂದಿನ ಗೋಡೆಗೆ ತಾಗಿಸಿ ಒಂದು ಕಕ್ಕಸು ಕಟ್ಟಿಸಿದಳು,
ಮುರಕಲ್ಲು, ಮೇಲೆ ತಗಡು.
ಅರುವತ್ತೊಂದು ಮುಕ್ಕಾಲು.
ಅಳೆದವನು ನಾನೇ.
ಕಾಗದದ ಮೇಲೆ ಅವಳು ಆ ಮಧ್ಯಾಹ್ನ ಸ್ಥಿತಿವಂತೆಯಾದಳು.

ಕಳೆದ ಬುಧವಾರ ಸಭೆ.
ಹಣಕಾಸು ಸಮಿತಿಯ ಫೆಲಿಕ್ಸ್ ಮೊಂತೇರೊ
ಮಗಳ ಮದುವೆಗೆ ಕರೆಯುವವರ ಹಾಗೆ ಎದ್ದು ಹೇಳಿದರು:
ಇನ್ನು ಗೋಡೆ ಅಳೆಯುವುದಿಲ್ಲ, ಆದಾಯ ಕೇಳುತ್ತೇವೆ.
ಇಲ್ಲದವರಿಗೆ ಮುಕ್ಕಾಲು ಪಾಲು ಮಾಫಿ.
ಉಳಿದ ಕಾಲು ಪಾಲು ಮಾತ್ರ ಎಲ್ಲರೂ ಕಟ್ಟಲಿ,
ಊರಿನ ಹೊಣೆ ಎಂಬುದೊಂದು ಬೇಕಲ್ಲ.
ಹೊಣೆ ಎಂದದ್ದಕ್ಕೆ ಇಬ್ಬರು ಮೇಜು ತಟ್ಟಿದರು.

ಹಿಂದಿನ ಬೆಂಚಿನಲ್ಲಿ ಕೂತು
ಹಳೆಯ ನೋಟೀಸಿನ ಬೆನ್ನ ಮೇಲೆ ಲೆಕ್ಕ ಹಾಕಿದೆ.
ವಾರಿಜಳ ಕಾಲು ಪಾಲು ಎಂಬತ್ತೆಂಟು ರೂಪಾಯಿ.
ಅದಕ್ಕೊಂದು ಆದಾಯ ಪತ್ರ:
ವಿಲ್ಲೇಜ್ ಆಫೀಸಿಗೆ ಎರಡು ಸಲ, ಬಸ್ಸಿಗೆ ನಾಲ್ಕು ಟಿಕೇಟು,
ಎರಡು ದಿನದಲ್ಲಿ ಕಟ್ಟದೆ ಉಳಿದ ಬೀಡಿ ಸಾವಿರದ ಇನ್ನೂರು,
ಅರ್ಜಿ ಮಲೆಯಾಳದಲ್ಲಿ,
ಓದಿ ತುಂಬಿಸುವ ಹುಡುಗನಿಗೊಂದು ಸೋಡಾ ಸರ್ಬತ್ತು.
ಕಟ್ಟದಿದ್ದರೆ ನೋಟೀಸು, ರಿಜಿಸ್ಟರ್ ಅಂಚೆ,
ನನ್ನ ಬೈಕಿನ ಪೆಟ್ರೋಲು, ಮತ್ತೊಂದು ನೋಟೀಸು.
ಎಂಬತ್ತೆಂಟನ್ನು ಹಿಡಿಯಲು ನೂರಎಂಬತ್ತು ಓಡಬೇಕು.
ಅಂಥ ಮನೆ ನಾನೂರ ಹನ್ನೆರಡು.
ಕೋಳಿ ಕಾಲು ದುಡ್ಡು, ಮಸಾಲೆ ಮುಕ್ಕಾಲು ದುಡ್ಡು
ಎನ್ನುತ್ತಿದ್ದಳು ನನ್ನ ಅಜ್ಜಿ, ಕೋಳಿ ಇಲ್ಲದ ದಿನಗಳಲ್ಲಿ.

ನಿನ್ನೆ ಹೋದೆ.
ಜಗಲಿಯಲ್ಲಿ ಮಡಿಲ ಮೇಲೆ ಮೊರ,
ಕತ್ತರಿ ನಿಲ್ಲಿಸದೆಯೇ ಕೇಳಿಸಿಕೊಂಡಳು.
‘ಕಟ್ಟುದಿಲ್ಲ ಅಂತ ಯಾವಾಗ ಹೇಳಿದೆ ಮಾರಾಯ್ರೆ?
ನಾನು ಬಡವೆ ಅಂತ ನಾನೇ ಹೋಗಿ
ಮೂರು ಆಫೀಸಿನಲ್ಲಿ ಸೀಲು ಹಾಕಿಸಿ ತರಬೇಕಾ?
ಗುಲಾಬಿ ಕಾರ್ಡು ಉಂಟು. ಕಂಪೆನಿಯ ಪುಸ್ತಕ ಉಂಟು.
ನನ್ನ ಮನೆಗೆ ಎಷ್ಟು ಕಿಲೋ ಅಕ್ಕಿ ಬರ್ತದೆಂದು
ನಿಮ್ಮ ಕಂಪ್ಯೂಟರಿಗೆ ನನಗಿಂತ ಮೊದಲು ಗೊತ್ತು.
ಮತ್ತೆ ಪುನಃ ನನ್ನನ್ನೇ ಯಾಕೆ ಕೇಳುದು?’

ಒಳಗಿನಿಂದ ಅರ್ಧ ನಾಲಿಗೆಯ ದನಿ: ಯಾರದು?
‘ಪಂಚಾಯತಿನವರು.’
ಚಾ ಕೊಟ್ಟೆಯಾ?

ಕೊಟ್ಟಳು. ಸಕ್ಕರೆ ಹೆಚ್ಚಿತ್ತು.
ಕುಡಿಯುತ್ತ ಆ ತಗಡನ್ನು ನೋಡಿದೆ,
ಒಂದು ಮೂಲೆಗೆ ಕಲ್ಲು ಹೇರಿದ್ದಳು, ಗಾಳಿಗೆ ಹಾರದಂತೆ.

ರಾತ್ರಿ ಟಿಪ್ಪಣಿ ಬರೆದೆ:
ರೇಶನ್ ಪಟ್ಟಿಯನ್ನು ಮುಂದಿಟ್ಟುಕೊಂಡು ನಾವೇ ಕಳೆಯಬಹುದು.
ಅರ್ಜಿ ಬೇಡ. ಕಾಲು ಪಾಲೂ ಬೇಡ.
ಪಾರೆಯ ಕೆಳಗೆ ಗೇಟು ಹಾಕಿದ ಮೂರು ಮಹಡಿಗಳುಂಟು,
ಅವುಗಳ ಹೊಸ ಮಹಡಿಯನ್ನು ಯಾರೂ ಅಳೆದಿಲ್ಲ,
ಈ ಟೇಪನ್ನು ಅಲ್ಲಿಗೆ ಕಳಿಸಿ.

ಸೆಕ್ರೆಟರಿ ಸಜೀವನ್ ಪಯ್ಯನ್ನೂರಿನವರು, ಕನ್ನಡ ಓದಲಾರರು.
ಮಲೆಯಾಳಕ್ಕೆ ತಿರುಗಿಸುತ್ತ ಹೊಣೆಯ ಬಳಿ ನಿಂತುಬಿಟ್ಟೆ.
ಅವರ ಭಾಷೆಯಲ್ಲಿ ಅದಕ್ಕೆ ಉದ್ದದ ಶಬ್ದವೊಂದುಂಟು,
ಪೆನ್ನಿಗೆ ಬರಲಿಲ್ಲ.
ಭಾರ ಎಂದು ಬರೆದೆ. ಅದು ಎರಡೂ ಕಡೆ ಒಂದೇ.

ಫೈಲು ಈಗ ಅವರ ಮೇಜಿನ ಮೇಲಿದೆ,
ಎಡಗಡೆಯ ರಾಶಿಯಲ್ಲಿ, ಕೆಳಗಿನಿಂದ ನಾಲ್ಕನೆಯದು.