ಗುರುತು ಏನಾದ್ರೂ?

ಶನಿವಾರ ಸಂಜೆ ಜೆಪ್ಪುವಿನಲ್ಲಿ
ಮೊಂತು ಲಸ್ರಾದೊನ ಹಿಂಬದಿಯ ಜಗಲಿಯಲ್ಲಿ
ನಾವು ನಾಲ್ಕು ಮಂದಿ ಸೇರುತ್ತೇವೆ,
ಮನೆಯವರು ಬಿಸಾಡಿ ಎಂದದ್ದನ್ನೆಲ್ಲ
ಬಿಸಾಡದೆ ಹೊತ್ತುಕೊಂಡು.

ಇದ್ದಿನಬ್ಬನ ಚೀಲದಲ್ಲಿ ಬೀಗಗಳು.
ಒಂದಕ್ಕೂ ಕೀ ಇಲ್ಲ.
'ಕೀ ಇದ್ದರೆ ಅದು ಬರೇ ಸಾಮಾನು ಮಾರಾಯ' ಎನ್ನುತ್ತಾನೆ.
ವಾರಿಜಕ್ಕನದು ಹಂಚು,
ಕೆಡವುವ ಮನೆಗಳ ಮಾಡಿನಿಂದ
ಕೂಲಿಯವರಿಗೆ ಚಾ ಕೊಡಿಸಿ ಇಳಿಸಿಕೊಂಡದ್ದು.
ಒಂದರ ಮೇಲೆ ನಾಯಿಯ ಹೆಜ್ಜೆ.
ಮಣ್ಣು ಹಸಿ ಇರುವಾಗ ಓಡಿದ್ದು
ಸುಟ್ಟ ಮೇಲೂ ಓಡುತ್ತಲೇ ಉಂಟು.
ನಾನು ಇಪ್ಪತ್ತೊಂಬತ್ತು ವರ್ಷ ಕಂಡಕ್ಟರ್,
ಸ್ಟೇಟ್ ಬ್ಯಾಂಕಿನಿಂದ ತಲಪಾಡಿ.
ಟಿಕೇಟು ಕೂಡಿಡುತ್ತೇನೆ, ಅದೂ
ಹಿಂದಿನಿಂದ ಓದಿದರೂ ಅದೇ ನಂಬರು ಬರುವಂಥವು ಮಾತ್ರ.
ಅಂಥದ್ದು ಬಂದರೆ ಪ್ರಯಾಣಿಕನಿಗೆ ಹರಿಯದೆ
ನನ್ನ ದುಡ್ಡು ಹಾಕಿ ಇಟ್ಟುಕೊಂಡೆ.
ಈಗ ಹೇಳಬಹುದು, ನಿವೃತ್ತಿಯಾಯಿತು.

ಮೊಂತುವಿನದು ಕೋವಿ.
ಬಿಸ್ಕತ್ತಿನ ಡಬ್ಬದಲ್ಲಿ ಪಲ್ಟನಿನ ಹಿತ್ತಾಳೆ ಗುಂಡಿಗಳು,
ಕತ್ತಿಯಿಲ್ಲದ ಒಂದು ಒರೆ,
ಗೋಡೆಯ ಎರಡು ಮೊಳೆಗಳ ಮೇಲೆ ಮಾರ್ಟಿನಿ-ಹೆನ್ರಿ.
ಸೂಜಿ ಕಳಚಿ, ನಳಿಗೆಗೆ ಸೀಸ ಎರೆದು
ಎಂದೋ ಬಾಯಿ ಕಟ್ಟಿಸಿದ್ದು.
ಉಪ್ಪುಗಾಳಿಗೆ ತುಕ್ಕು ಹತ್ತದಂತೆ ದಿನವೂ ಎಣ್ಣೆ.
'ನನ್ನ ಮೊಣಕಾಲಿಗೆ ಇಷ್ಟು ತಿಕ್ಕಿದ್ದರೆ
ಇಗರ್ಜಿಗೆ ನಡೆದೇ ಹೋಗುತ್ತಿದ್ದೆ' ಎಂದು ಜುಲಿಯಾನ ಬಾಯಿ
ಒಳಗಿನಿಂದಲೇ.

ಹಿಡಿಯ ಮರದಲ್ಲಿ ಏಳು ಗೀರು.
ಎರಡನೇ ಗ್ಲಾಸಿಗೆ ಮೊಂತು
ಆ ಏಳರಿಂದ ಏಳು ಜನರನ್ನು ಬೀಳಿಸುತ್ತಾನೆ:
ಒಬ್ಬ ಕುದುರೆಯಿಂದ, ಒಬ್ಬ ಖರ್ಜೂರದ ಮರದಿಂದ,
ಮಳೆಗಾಲವಾದರೆ ಒಬ್ಬ ಹೊಳೆಗೂ.
ನೆಲಗಡಲೆ ಮುಗಿಯುವಾಗ
ಯುದ್ಧವೂ ಮುಗಿಯುತ್ತದೆ.

ಚುನಾವಣೆ ಬಂತು.
ಕೋವಿ ಇದ್ದವರೆಲ್ಲ ಠಾಣೆಗೆ ಒಪ್ಪಿಸಬೇಕು.
ಹೂವಿನ ಬೆಡ್‌ಶೀಟಿನಲ್ಲಿ ಸುತ್ತಿ
ರಿಕ್ಷಾದಲ್ಲಿ ನಮ್ಮಿಬ್ಬರ ತೊಡೆಗೆ ಅಡ್ಡ ಮಲಗಿಸಿದೆವು.
'ಮುಂದೆ ಹಂಪ್ ಉಂಟು, ಮೆಲ್ಲ' ಎಂದ ಮೊಂತು,
ಹೆರಿಗೆಗೆ ಕರೆದೊಯ್ಯುವವನಂತೆ.

ಕಾನ್‌ಸ್ಟೇಬಲ್ ಘಟ್ಟದ ಮೇಲಿನ ಹುಡುಗ.
'ಇದು ಸಿಡಿಯುವುದಿಲ್ಲ ಸರ್.'
'ಸಿಡೀದಿರೋದೂ ಇಲ್ಲೇ ಇರ್ಲಿ, ಓಟು ಮುಗಿಯೋ ತನಕ.'
ನಂಬರು ಬರೆದ. ಉದ್ದ ಅಳೆದ.
'ಗುರುತು ಏನಾದ್ರೂ?'
ಕೇಳುತ್ತ ಅವನ ಬೆರಳೇ ಅದನ್ನು ಹುಡುಕಿತು.
'ಏನಿದು, ಏಳು ಗೀರು?'

ನಾನು ಕುದುರೆಗಾಗಿ ಕಾದೆ.
ಮೊಂತು
ಗೋಡೆಯಲ್ಲಿ ಅಂಟಿಸಿದ್ದ ಕಾಣೆಯಾದವರ ಮುಖಗಳನ್ನು
ಒಂದೊಂದಾಗಿ ನೋಡಿದ.
'ಗೊತ್ತಿಲ್ಲ ಸರ್.'

ಹುಡುಗ ದುಂಡಗೆ ಬರೆದುಕೊಂಡ:
ಹಿಡಿಯಲ್ಲಿ ಹಳೇ ಗೀರು ಏಳು. ಕಾರಣ ತಿಳಿದಿಲ್ಲ.

ಹಳದಿ ಕಾಗದದ ರಶೀದಿ ಕೊಟ್ಟ.
ನಂಬರು ನೋಡಿ ನನ್ನ ಎದೆ ಹೊಡೆದುಕೊಂಡಿತು.
ಕೊಡು ಎನ್ನುವ ಹಾಗಿಲ್ಲ,
ಅದಿಲ್ಲದೆ ಕೋವಿ ಹಿಂದೆ ಬಾರದು.
ರಿಕ್ಷಾದಲ್ಲಿ ಬೆಡ್‌ಶೀಟು ಮಡಚುತ್ತ ಮೊಂತು
ಜೆಪ್ಪುವಿನವರೆಗೆ ಮಾತಾಡಲಿಲ್ಲ.

ಮುಂದಿನ ಶನಿವಾರ ಗೋಡೆಯಲ್ಲಿ ಎರಡು ಮೊಳೆ,
ನಡುವೆ ಸುಣ್ಣ ಮಾಸದ ಒಂದು ಉದ್ದ ಪಟ್ಟಿ.
ಇದ್ದಿನಬ್ಬ ತಮಾಷೆಗೆ ಒಂದು ಮೊಳೆಗೆ ಬೀಗ ತೂಗಿದ,
ಆಮೇಲೆ ತಾನೇ ತೆಗೆದ.

ವಾರಿಜಕ್ಕ ಹೊಸ ಹಂಚು ತಂದಿದ್ದಳು.
ಅಂಚಿನಲ್ಲಿ ಯಾರದೋ ಹೆಬ್ಬೆರಳ ಗುಳಿ.
ಅವಳ ತಾಯಿ ಹಂಚಿನ ಕಾರ್ಖಾನೆಯಲ್ಲಿ
ಹದಿನಾರು ವರ್ಷ ಮಣ್ಣು ಹೊತ್ತವಳು.
'ಅಮ್ಮನದ್ದಾ?' ಕೇಳಿದೆ.
'ಎಷ್ಟು ಸಾವಿರ ಹೆಬ್ಬೆರಳು ಇದ್ದವು ಅಲ್ಲಿ' ಎಂದಳು.
ಆದರೂ ತನ್ನದನ್ನು ಇಟ್ಟು ನೋಡಿದಳು.
ಗುಳಿ ದೊಡ್ಡದಾಯಿತು.

ಹಂಚು ಮೊಂತುವಿನ ಕೈಗೆ ಹೋಯಿತು.
ಅವನು ಬೆರಳಿಡಲಿಲ್ಲ,
ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ.
ನಾನೋ, ಹುಟ್ಟುಗುಣ,
ಅವನ ಅಂಗಿಯ ಜೇಬಿನಿಂದ ಇಣುಕುವ ಹಳದಿ ಅಂಚನ್ನು
ಓದುತ್ತಲೇ ಇದ್ದೆ:
ನಾಲ್ಕು, ಸೊನ್ನೆ, ಮೂರು, ಸೊನ್ನೆ, ನಾಲ್ಕು.