ಹದಿನಾಲ್ಕನೇ ಕುಳಿಗೊಂದು ಕೋಡಿ

ಕೋಲಾರದ ಮಂಡಿ. ರಾತ್ರಿ ಒಂದೂಕಾಲು.
ಟೊಮೆಟೊ ಲಾರಿಗಳ ನಡುವೆ ಸಿಕ್ಕ ಬಿಡುವಿನಲ್ಲಿ
ವೇಬ್ರಿಡ್ಜಿನ ಗೂಡಿನೊಳಗೆ ಕೂತು
ಗುಡ್ಡ ಎಬ್ಬಿಸುತ್ತೇನೆ.
ಮೌಸಿನ ಎಡಗಿವಿ ಒತ್ತಿದರೆ ನೆಲ ಉಬ್ಬುತ್ತದೆ,
ಬಲಗಿವಿ ಹಿಂಡಿದರೆ ತಗ್ಗು.
ನೆಲ ಇಷ್ಟು ಸಲೀಸಾಗಿ ಮಾತು ಕೇಳಿದ್ದನ್ನು
ನಮ್ಮ ವಂಶದಲ್ಲಿ ಯಾರೂ ಕಂಡವರಲ್ಲ.

ಸ್ಪರ್ಧೆಯ ನಿಯಮ ಇಷ್ಟು:
ಹದಿನೆಂಟು ಕುಳಿ, ಪಾರ್ ಎಪ್ಪತ್ತೆರಡು,
ಏಳು ಸಾವಿರ ಗಜಕ್ಕೆ ಕಡಿಮೆ ಇರಕೂಡದು,
ಚಾಂಪಿಯನ್‌ಶಿಪ್ಪಿನ ಗತ್ತು ಕಾಣಬೇಕು,
ಭಾನುವಾರ ನಡುರಾತ್ರಿಯೊಳಗೆ ಕಳಿಸಬೇಕು.
ಗಾಲ್ಫ್ ಕೋಲು ಮುಟ್ಟಿರಬೇಕು ಅಂತ
ಎಲ್ಲೂ ಬರೆದಿಲ್ಲ. ನೋಡಿದೆ. ಎರಡು ಸಲ.

ಮೊದಲು ಮಾಡಿದ್ದೆಲ್ಲ ಕದ್ದ ಮಾಲು:
ಟಿವಿಯಲ್ಲಿ ಕಂಡ ಕಡಲಂಚು, ಪೈನ್ ಮರ,
ಆಗಷ್ಟೇ ಹಲ್ಲುಜ್ಜಿದಂಥ ಬಿಳಿ ಮರಳಿನ ಬಂಕರು.
ಹೊಡೆದರೆ ಚೆಂಡು ಹಾರುತ್ತದೆ, ಬೀಳುತ್ತದೆ.
ಛತ್ರದ ಪ್ಲಾಸ್ಟಿಕ್ ಹೂವಿನ ಹಾಗೆ
ಎಲ್ಲ ಸರಿಯಿದೆ, ಜೇನು ಮಾತ್ರ ಬರುವುದಿಲ್ಲ.

ಅಳಿಸಿದೆ.
ಗುಟ್ಟಹೊಸೂರನ್ನು ನೆನೆದುಕೊಂಡೆ.

ಮೊದಲು ಬಂಡೆ. ಒಂದರ ಮೇಲೊಂದು,
ಯಾರೋ ಆಟದ ನಡುವೆ ಊಟಕ್ಕೆ ಎದ್ದುಹೋದಂತೆ.
ಮೂರನೇ ಕುಳಿಗೆ ಗುಂಡುತೋಪು ದಾಟಿಸಿ ಹೊಡೆಯಬೇಕು.
ಆಟದ ಮರಗಳ ಪಟ್ಟಿಯಲ್ಲಿ ಹುಣಸೆ ಇಲ್ಲ,
ಓಕ್ ಮರವನ್ನೇ ಕುಗ್ಗಿಸಿ, ಬಾಗಿಸಿ,
ಎಲೆಗೆ ಧೂಳು ಬಳಿದು ಹುಣಸೆ ಅನ್ನಿಸಿದೆ.
ಏಳನೆಯದು ನೇರ, ಉದ್ದ, ಬೇಸರದ್ದು;
ಸ್ಕೂಲಿಗೆ ಬಸ್ಸು ಹಿಡಿಯಲು ನಡೆದ ದಾರಿ ಹಾಗೇ ಇತ್ತು.
ಹದಿನಾಲ್ಕನೆಯದು ಕೆರೆ.

ಶನಿವಾರ ರಾತ್ರಿ ಯಾರದೋ ಲೋಡಿನ ಜೊತೆ
ಪಿಳ್ಳಪ್ಪ ಮಾವ ಬಂದ.
ಊರ ಕೆರೆಗೆ ಮೂವತ್ತೊಂದು ವರ್ಷ ನೀರಗಂಟಿ.
ಖಾಲಿ ಕ್ರೇಟು ಬೋರಲು ಹಾಕಿ ಕೂತು
ಪರದೆ ನೋಡಿದ, ಬೀಡಿ ಆರುವವರೆಗೂ.

"ಯಾರ ಜಮೀನು ಮಗಾ ಇದು?"
"ಯಾರದೂ ಅಲ್ಲ ಮಾವ. ಆಟ."

ಟೊಮೆಟೊ ಗಿಡದ ಕಪ್ಪು ಹಿಡಿದ ಬೆರಳು
ಗಾಜಿನ ಮೇಲೆ ನಡೆಯಿತು.
"ಏರಿ ಐತೆ. ತೂಬು ಐತೆ. ಕೋಡಿ ಎಲ್ಲಿ?"
"ಇದರಲ್ಲಿ ಮಳೆ ಬರಲ್ಲ ಮಾವ."
"ಬರಲ್ಲ ಅಂತ ಯಾರು ಹೇಳಿದ್ದು?"

ಆಮೇಲೆ ಗ್ರೀನಿಗೆ ಕೈ ಹಾಕಿದ.
"ಈ ಗುಂಡು ಕೊನೆಗೆಲ್ಲಿ ನಿಲ್ಲಬೇಕು ಹೇಳು,
ಅಲ್ಲಿಂದ ಹಿಂದಕ್ಕೆ ಬಾ.
ನೀರೂ ಅಷ್ಟೇ, ತಾನಾಗಿ ಎಲ್ಲಿಗೂ ಹೋಗಲ್ಲ,
ನೆಲ ಕರೆದ ಕಡೆ ಹೋಗ್ತದೆ.
ಇಲ್ಲಿ ಒಂದು ಬೆರಳು ಎತ್ತು.
ಅಷ್ಟಲ್ಲ. ಒಂದು ಬೆರಳು."

ಆಟಕ್ಕೆ ಬೆರಳಿನ ಲೆಕ್ಕ ಗೊತ್ತಿಲ್ಲ.
ನುಣುಪಿನ ಕುಂಚ ಎರಡು ಸಲ ಆಡಿಸಿದರೆ
ಸುಮಾರು ಒಂದು ಬೆರಳು ಅಂತ
ಮೂರು ಗಂಟೆಯ ಹೊತ್ತಿಗೆ ಕಂಡುಕೊಂಡೆ.
ಹಾರನ್ನು ಕೂಗಿತು. ಮುಳಬಾಗಿಲಿನ ಲಾರಿ.
ಒಟ್ಟು ತೂಕ, ಖಾಲಿ ತೂಕ, ಚೀಟಿ, ಚಿಲ್ಲರೆ.
ತಿರುಗಿ ನೋಡಿದರೆ ಮಾವ
ಕೂತಲ್ಲೇ ಬಲಕ್ಕೆ ವಾಲಿ ನಿದ್ದೆಹೋಗಿದ್ದ.

ಕೋಡಿ ಕಟ್ಟಿದೆ.
ಏರಿಯ ಆ ತುದಿಗೆ, ಜೊಂಡಿನ ಹಿಂದೆ,
ಯಾವ ಕ್ಯಾಮರಾವೂ ಕತ್ತು ತಿರುಗಿಸದ ಕಡೆ
ಹನ್ನೊಂದು ಕಲ್ಲು, ಸ್ವಲ್ಪ ಪಾಚಿ.

ಫಲಿತಾಂಶ: ಇನ್ನೂರ ಹನ್ನೆರಡರಲ್ಲಿ ಮೂವತ್ತೇಳನೆಯದು.
ತೀರ್ಪುಗಾರರು ಒಂದೇ ಸಾಲು ಬರೆದಿದ್ದರು:
ಹದಿನಾಲ್ಕನೇ ಗ್ರೀನ್ ಮೋಸದ್ದು,
ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ಚೆಂಡು ನಿಲ್ಲುವುದಿಲ್ಲ.

ಫೋನಿನಲ್ಲಿ ಓದಿ ಹೇಳಿದೆ.
"ಕಾಣಲ್ಲ ಅಂದ್ರಾ?" ಅಂತ
ಕೆಮ್ಮು ಬರುವವರೆಗೂ ನಕ್ಕ.
ಆಮೇಲೆ, ದನಿ ತಗ್ಗಿಸಿ,
"ಕೋಡಿ ನೋಡಿದ್ರಾ?"

ಇಲ್ಲ ಮಾವ. ಯಾರೂ ನೋಡಲಿಲ್ಲ.

"ಹಂಗಾದ್ರೆ ಕೆರೆ ಇನ್ನೂ
ಕೋಡಿ ಹೋಗಿಲ್ಲ ಬಿಡು."