ಬಾಲದ ಕೂದಲು

ಶಿಡ್ಲಘಟ್ಟದಲ್ಲಿ ನರಹುಲಿ ಎದ್ದವರೆಲ್ಲ
ಪ್ಯಾರೇಜಾನ್ ಮನೆಗೇ ಬರುವುದು.
ಕುದುರೆ ಬಾಲದ್ದು ಒಂದು ಕೂದಲು
ಬಿಗಿಯಾಗಿ ಸುತ್ತಿ, ಗಂಟು ಹಾಕಿ,
ಒಂಬತ್ತು ದಿನ ಸೋಪು ಮುಟ್ಟಬೇಡ ಅನ್ನುತ್ತಾನೆ.
ಸೋಪಿನ ಮಾತು ಅವನದೇ ಸೇರಿಕೆ.
ಕಾಸು ಕೇಳುವುದಿಲ್ಲ.
ಹಿಡಿ ಹುರುಳಿ ತಂದರೆ ಬೇಡ ಅನ್ನುವುದೂ ಇಲ್ಲ.

ಆ ಬಾಲದ ಒಡತಿ ಬಾದಾಮಿ,
ರೇಷ್ಮೆಗೂಡಿನ ಮೂಟೆಗಳ ಜಟಕಾ ಎಳೆದು
ಮಾರುಕಟ್ಟೆಯ ಗೇಟಿನಲ್ಲಿ ಹೇಳದೆಯೇ ನಿಲ್ಲುವವಳು,
ಈ ಗುರುವಾರ ಆಸ್ಪತ್ರೆಗೆ ಬಂದಳು.
ಎಡಗಣ್ಣಿನ ಮೇಲೆ ಒಂದು, ತೊಡೆಸಂದಿನಲ್ಲಿ ಎರಡು,
ಹೂಕೋಸಿನ ತುಣುಕಿನಂಥ ಗಂಟು.
ಹೋದ ವರ್ಷ ಯಾರೋ ಕುಯ್ದಿದ್ದರಂತೆ.
ಕುಯ್ದ ಜಾಗದಲ್ಲೇ ದುಪ್ಪಟ್ಟಾಗಿದೆ.

"ಕೂದಲು ಕಟ್ಟಲಿಲ್ಲವಾ?" ಅಂದೆ. ನಗಬಾರದಿತ್ತು.
"ಕಟ್ಟಿದೆ ಮೇಡಮ್. ಅವಳದೇ ಬಾಲದ್ದು."
ಅವನು ನಗಲಿಲ್ಲ.

ಹೇಳಬೇಕಾದದ್ದು ಇಷ್ಟು:
ಇದು ವೈರಸ್ಸಿನ ಕೆಲಸ, ಹಸುವಿನ ನರಹುಲಿಯ ವೈರಸ್ಸು.
ವೈರಸ್ಸೆಂದರೆ ಈ ಊರಿಗೆ ಬಿಡಿಸಿ ಹೇಳಬೇಕಿಲ್ಲ.
ಹಾಲುತೊಂಡೆ ಹೊಕ್ಕ ಮನೆಯಿಂದ
ತಟ್ಟೆಗಟ್ಟಲೆ ಹುಳು ಗುಂಡಿಗೆ ಸುರಿದು
ಸುಣ್ಣ ಚೆಲ್ಲಿದ ಕೈಗಳು ಇಲ್ಲಿಯವು.
ಅದು ಹುಳುವಿನೊಳಗೆ ಹೆತ್ತು ಹೆತ್ತು
ಹುಳುವನ್ನೇ ಒಡೆದು ಹೊರಬರುತ್ತದೆ.
ಇದು ಹಾಗಲ್ಲ.
ಹಸುವಿನ ಚರ್ಮ ಇದರ ತವರು.
ಅಲ್ಲಿ ಸಂಸಾರ ಹೂಡುತ್ತದೆ, ಮಕ್ಕಳಾಗುತ್ತವೆ,
ಕೆಲವು ತಿಂಗಳಿಗೆ ಎಲ್ಲ ಒಣಗಿ ಉದುರುತ್ತದೆ,
ಹಸು ಮೆಲುಕು ಹಾಕುತ್ತಲೇ ಇರುತ್ತದೆ.
ನೊಣದ ಬಾಯಿಗೆ ಅಂಟಿಯೋ, ಹಗ್ಗಕ್ಕೆ ಒರೆಸಿಕೊಂಡೋ
(ಇದ್ದರೂ ಇರಬಹುದು ಅನ್ನುತ್ತವೆ ಪುಸ್ತಕಗಳು)
ಕುದುರೆಯ ಗಾಯಕ್ಕೆ ಬಿದ್ದಿತೋ, ದಾರಿ ತಪ್ಪಿತು.
ಇಲ್ಲಿ ಅದಕ್ಕೆ ಮಕ್ಕಳಾಗುವುದಿಲ್ಲ,
ಹಿಂದಿರುಗಲು ಬಾಗಿಲಿಲ್ಲ.
ಚರ್ಮದ ಕಣಕಣದ ಕಿವಿಯಲ್ಲಿ
ಬೆಳೆ, ಬೆಳೆ, ಅಂತ ಪಿಸುಗುಟ್ಟುತ್ತ ಕೂತುಬಿಡುತ್ತದೆ.
ರಕ್ತದ ಕಾವಲಿನವರು ಹಾದುಹೋಗುವಾಗ
ದೀಪ ಆರಿಸುತ್ತದೆ.

ಇಷ್ಟನ್ನೂ ಹೇಳಿದೆನೇ? ಇಲ್ಲ.
"ಪಕ್ಕದಲ್ಲಿ ಹಸು ಇದೆಯಾ?" ಅಂದೆ, ಅಷ್ಟೆ.

ಅವನು ಬಾದಾಮಿಯ ಹಣೆಗೂದಲು ಸರಿಮಾಡುತ್ತ ನಿಂತ.
ಇಬ್ಬರಿಗೂ ಒಂದೇ ಗೋಡೆ.
ಆ ಕಡೆ ಮುನಿವೆಂಕಟಮ್ಮನ ಸೀಮೆಹಸು,
ಬೇಸಿಗೆಯಲ್ಲಿ ಕೊರಳ ತುಂಬ ನರಹುಲಿ ಇತ್ತು, ಈಗಿಲ್ಲ.
ಇವನ ಮೊಮ್ಮಗಳು ಕುಡಿಯುವುದು ಅದರ ಹಾಲು.
ಮುನಿವೆಂಕಟಮ್ಮನ ಹೆಬ್ಬೆರಳಿಗೆ ಕಟ್ಟಿದ್ದು
ಈ ಬಾಲದ್ದೇ ಕೂದಲು. ಉದುರಿತ್ತು.

"ಮೇಡಮ್, ಚೀಟೀಲಿ ಹಸು ಅಂತ ಬರೀಬೇಡಿ.
ಓದೋರು ಒಬ್ಬೊಬ್ಬರು ಒಂದೊಂದು ಥರ ಓದ್ತಾರೆ.
ನೊಣ ಅಂತ ಬರೀರಿ.
ನೊಣದ ಕಡೆಯೋರು ಯಾರೂ ಇಲ್ಲ."

ಪೆನ್ನಿನ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಕೂತೆ.
ಸಾರ್ಕಾಯ್ಡ್, ಎಂದು ಬರೆದೆ. ಕಾರಣ: ವೈರಸ್.
ಯಾರ ಮನೆಯದು ಎಂಬ ಕಾಲಂ
ಸರ್ಕಾರದ ಚೀಟಿಯಲ್ಲಿ ಹೇಗೂ ಇಲ್ಲ.

ಕಣ್ಣಿನ ಮೇಲಿನ ಗಂಟಿಗೆ ಬಿ.ಸಿ.ಜಿ. ಚುಚ್ಚಿದೆ,
ಹಸುಗೂಸಿನ ತೋಳಿಗೆ ಹಾಕುವ ಅದೇ ಮದ್ದು,
ಕಾವಲಿನವರನ್ನು ಎಬ್ಬಿಸಲು.
ಕೆಲವೊಮ್ಮೆ ಏಳುತ್ತಾರೆ.
ಮೂರು ವಾರ ಬಿಟ್ಟು ಬಾ,
ಗೋಡೆಯ ಮೇಲೆ ನೊಣದ ಪರದೆ ಕಟ್ಟು ಎಂದೆ.
"ಯಾವ ಕಡೆಯಿಂದ?" ಎಂದ.
ನನಗೂ ತಕ್ಷಣ ಹೊಳೆಯಲಿಲ್ಲ.

ಗೇಟಿನ ಹತ್ತಿರ ಒಬ್ಬ ಹುಡುಗ, ಬೆನ್ನಿಗೆ ಶಾಲೆಯ ಚೀಲ,
ಮೊಣಕೈ ಮಡಚಿ ತೋರಿಸಿದ: ಒಂದು, ಪಕ್ಕದಲ್ಲೊಂದು ಮರಿ.
ಪ್ಯಾರೇಜಾನ್ ನನ್ನ ಕಡೆ ನೋಡಿದ.
ಮನುಷ್ಯರದ್ದು ಬೇರೆಯದೇ ವೈರಸ್ಸು,
ಅದು ಕಟ್ಟಿದರೂ ಉದುರುತ್ತದೆ, ಕಟ್ಟದಿದ್ದರೂ,
ಎಲ್ಲ ಬಾಯಿಗೆ ಬಂದು ನಿಂತಿತು.

ಇವಳದೇ ಹೋಗಿಲ್ಲ ಕಂದ, ಅನ್ನುತ್ತಲೇ ಅವನು
ಬಾಲದಿಂದ ಒಂದೇ ಎಳೆ ಕಿತ್ತ.
ಬಾದಾಮಿ ಕಾಲು ಬದಲಿಸಿದಳು.
ಹುಡುಗ ಮೊಣಕೈ ಮುಂದೆ ಚಾಚಿ
ಕಣ್ಣು ಮುಚ್ಚಿಕೊಂಡ.